ಬಿಡುವ ಅಂಟು, ಹಿಡಿಯುವ ಅಂಟು

ನವಿ ಮುಂಬಯಿಯ ಖಾರ್ಘರ್‌ನಲ್ಲಿರುವ ಆಕ್ಟ್ರೆಕ್ ಟಾಟಾ ಸ್ಮಾರಕ ಕೇಂದ್ರದ ಸಂಶೋಧನಾ ಸಂಸ್ಥೆ. ಅಲ್ಲಿಂದ ಮೂರು ವರ್ಷಗಳ ಅಂತರದಲ್ಲಿ ಹೊರಬಂದ ಎರಡು ಪ್ರಬಂಧಗಳನ್ನು ಪಕ್ಕಪಕ್ಕದಲ್ಲಿಟ್ಟು ಓದಬೇಕು. 2008ರದ್ದು ಸೊರಾಬ್ ದಲಾಲ್ ಅವರ ಪ್ರಯೋಗಾಲಯದ ಕೆಲಸ. ಪಕ್ಕಪಕ್ಕದ ಜೀವಕೋಶಗಳನ್ನು ಬಿಗಿಯಾಗಿ ಸೇರಿಸಿಡುವ ಡೆಸ್ಮೊಸೋಮ್ ಎಂಬ ಜೋಡಣೆಯಲ್ಲಿ ಪ್ಲಾಕೊಫಿಲಿನ್-3 ಎನ್ನುವ ಪ್ರೋಟೀನ್ ಇದೆ. ಅದನ್ನು ತಗ್ಗಿಸಿದಾಗ ಕೋಶಗಳ ನಡುವಿನ ಅಂಟು ಸಡಿಲಾಯಿತು, ಅವುಗಳ ಓಡಾಟ ಹೆಚ್ಚಿತು, ಇಲಿಗಳಲ್ಲಿ ಗಡ್ಡೆ ಬೇರೆಡೆಗೆ ಹರಡಿತು. 2011ರದ್ದು ಮಿಲಿಂದ್ ವೈದ್ಯ ಅವರ ಪ್ರಯೋಗಾಲಯದ್ದು. ಬಾಯಿಯ ಆರೋಗ್ಯವಂತ ಒಳಪದರದಲ್ಲಿ ಸಾಮಾನ್ಯವಾಗಿ ಇರದೆ, ಕ್ಯಾನ್ಸರ್ ಆದಾಗ ಕಾಣಿಸಿಕೊಳ್ಳುವ ಕೆರಾಟಿನ್ 8 ಮತ್ತು 18ನ್ನು ಬಾಯಿಯ ಗಡ್ಡೆಯ ಕೋಶಗಳಲ್ಲಿ ತಗ್ಗಿಸಿದಾಗ, ಕೋಶವನ್ನು ಅದರ ತಳಕ್ಕೆ ಹಿಡಿಸುವ ಆಲ್ಫಾ-6 ಬೀಟಾ-4 ಇಂಟೆಗ್ರಿನ್‌ನ ಕೆಲಸ ಬದಲಾಯಿತು, ರೋಗದ ಮುನ್ನಡೆ ಕುಗ್ಗಿತು. ಒಂದೆಡೆ ಹಿಡಿತ ಕೆಟ್ಟದ್ದರಿಂದ ರೋಗ ಉಲ್ಬಣಿಸಿತು, ಇನ್ನೊಂದೆಡೆ ಹಿಡಿತ ಕದಡಿದ್ದರಿಂದ ರೋಗ ತಗ್ಗಿತು. ಕ್ಯಾನ್ಸರ್ ಎಂದರೆ ಕೋಶಗಳ ಅಂಟು ಬಿಡುವುದು ಎಂಬ ಚಾಲ್ತಿಯ ಮಾತನ್ನು ನಂಬಿ ಕೂತವರಿಗೆ ಇವೆರಡೂ ಒಟ್ಟಿಗೆ ಅರ್ಥವಾಗುವುದು ಕಷ್ಟ. ಅಂಟು ಎಂಬುದು ಒಂದು ಕೋಶದ ಸ್ವಂತ ಗುಣವಲ್ಲ, ಎರಡು ಹಿಡಿತಗಳ ನಡುವಿನ ವ್ಯತ್ಯಾಸ. ಈ ವ್ಯತ್ಯಾಸವನ್ನು ಸೂಕ್ಷ್ಮದರ್ಶಕಕ್ಕಿಂತ ಸ್ಪಷ್ಟವಾಗಿ ತೋರಿಸಿದ್ದು ಗಣಿತ ಎಂಬುದು ಈ ವಾರದ ನನ್ನ ವಾದ.

ವಾದದ ಬೇರು ಹಳೆಯದು. 1907ರಲ್ಲಿ ಎಚ್. ವಿ. ವಿಲ್ಸನ್ ಸಮುದ್ರದ ಸ್ಪಂಜು ಪ್ರಾಣಿಯನ್ನು ಬಟ್ಟೆಯಲ್ಲಿ ಹಿಂಡಿ ಬಿಡಿ ಕೋಶಗಳಾಗಿ ಮಾಡಿದರು. ಅವು ಮತ್ತೆ ಒಂದುಗೂಡಿ ಸ್ಪಂಜಾದವು. 1955ರಲ್ಲಿ ಟೌನ್ಸ್ ಮತ್ತು ಹೋಲ್ಟ್‌ಫ್ರೆಟರ್ ಉಭಯವಾಸಿಗಳ ಭ್ರೂಣದ ಕೋಶಗಳನ್ನು ಬಿಡಿಸಿ ಬೆರೆಸಿದರೆ ಚರ್ಮದವು ಹೊರಗೂ ಉಳಿದವು ಒಳಗೂ ತಾವಾಗಿಯೇ ವಿಂಗಡವಾಗುವುದನ್ನು ಕಂಡರು. ಈ ವಿಂಗಡಣೆಗೆ ಕೋಶಕ್ಕೆ ದಾರಿ ತಿಳಿದಿರಬೇಕಾಗಿಲ್ಲ, ಅಂಟಿನಲ್ಲಿ ಹೆಚ್ಚುಕಡಿಮೆ ಇದ್ದರೆ ಸಾಕು, ನೀರಿನಲ್ಲಿ ಎಣ್ಣೆ ಬೇರಾಗುವಂತೆ ಅದು ನಡೆದುಹೋಗುತ್ತದೆ ಎಂದು 1960ರ ದಶಕದ ಆರಂಭದಲ್ಲಿ ಮಾಲ್ಕಮ್ ಸ್ಟೈನ್‌ಬರ್ಗ್ ವಾದಿಸಿದರು. ಇದನ್ನು ಲೆಕ್ಕವಾಗಿ ನಡೆಸಿ ತೋರಿಸಿದ್ದು 1992ರಲ್ಲಿ ಫ್ರಾನ್ಸ್ವಾ ಗ್ರಾನೆ ಮತ್ತು ಜೇಮ್ಸ್ ಗ್ಲೇಜಿಯರ್. ಅವರ ಕೋಶೀಯ ಪಾಟ್ಸ್ ಮಾದರಿಯಲ್ಲಿ ಅಂಗಾಂಶವೆಂದರೆ ಚೌಕುಳಿಗಳ ಹಾಳೆ. ಒಂದೊಂದು ಕೋಶಕ್ಕೂ ಹಲವು ಚೌಕಗಳು. ಎರಡು ಕೋಶಗಳು ತಾಗುವ ಪ್ರತಿ ಗಡಿಗೂ ಒಂದು ಖರ್ಚು, ಕೋಶದ ಗಾತ್ರ ತನ್ನ ಅಳತೆಯಿಂದ ಸರಿದರೆ ಇನ್ನೊಂದು ಖರ್ಚು. ಕಂಪ್ಯೂಟರು ಗಡಿಯ ಒಂದು ಚೌಕವನ್ನು ಆರಿಸಿ ಪಕ್ಕದ ಕೋಶಕ್ಕೆ ಕೊಡಲು ಯತ್ನಿಸುತ್ತದೆ. ಒಟ್ಟು ಖರ್ಚು ಇಳಿದರೆ ಒಪ್ಪುತ್ತದೆ, ಏರಿದರೆ ಅಪರೂಪಕ್ಕೆ ಮಾತ್ರ ಒಪ್ಪುತ್ತದೆ. ಇಷ್ಟೇ ನಿಯಮ.

ಇದರೊಳಗಿನ ಮುಖ್ಯ ಕಳೆಯುವ ಲೆಕ್ಕ ಏಳನೆಯ ತರಗತಿಯ ಮಗುವಿಗೂ ಸಾಧ್ಯ. ಒಂದು ಜಾತಿಯ ಕೋಶಗಳು ತಮ್ಮತಮ್ಮಲ್ಲಿ ತಾಗಿದರೆ ಖರ್ಚು 2, ಇನ್ನೊಂದು ಜಾತಿಯವು ತಮ್ಮತಮ್ಮಲ್ಲಿ ತಾಗಿದರೆ 14, ಎರಡೂ ಜಾತಿಗಳು ಪರಸ್ಪರ ತಾಗಿದರೆ 11 ಎಂದಿಟ್ಟುಕೊಳ್ಳಿ. ಮೊದಲೆರಡರ ಸರಾಸರಿ 8. ಬೆರೆಯುವ ಖರ್ಚು ಅದಕ್ಕಿಂತ 3 ಹೆಚ್ಚು, ಆದ್ದರಿಂದ ಕೋಶಗಳು ಬೇರಾಗುತ್ತವೆ. 11ರ ಜಾಗದಲ್ಲಿ 6 ಇಟ್ಟರೆ ಬೆರೆಯುತ್ತವೆ. ಎರಡನೆಯ ಜಾತಿಗೆ ತನ್ನವರ ಮೇಲಿನ ಅಂಟು ಎಷ್ಟಿತ್ತೋ ಅಷ್ಟೇ ಇದೆ, ಫಲ ಮಾತ್ರ ತಿರುವುಮುರುವಾಗಿದೆ. ಗಡ್ಡೆಗೂ ಇದೇ ಲೆಕ್ಕ. ಅಲ್ಲಿ ಕ್ಯಾನ್ಸರ್ ಕೋಶದ ಎದುರು ಇರುವುದು ಸುತ್ತಲಿನ ನಾರಿನ ಹಂದರ. ಹಂದರಕ್ಕೆ ತನ್ನೊಳಗೆ ಖರ್ಚಿಲ್ಲ. ಕೋಶ-ಕೋಶದ ಖರ್ಚು 4, ಕೋಶ-ಹಂದರದ ಖರ್ಚು 10 ಆದರೆ, 10ರಲ್ಲಿ 4ರ ಅರ್ಧ ಕಳೆದು 8 ಉಳಿಯುತ್ತದೆ. ಗಡ್ಡೆ ಉಂಡೆಯಾಗಿ ತನ್ನ ಜಾಗದಲ್ಲೇ ಕೂರುತ್ತದೆ. ಈ ಉಳಿಕೆಯೇ ಅಂಗಾಂಶದ ಮೇಲ್ಮೈ ಎಳೆತ. ಕೋಶ-ಕೋಶದ ಅಂಟು ಕಳಚಿ ಖರ್ಚು 22ಕ್ಕೆ ಏರಿತೋ, ಉಳಿಕೆ ಸೊನ್ನೆಗಿಂತ 1 ಕೆಳಗೆ ಇಳಿದು ಗಡ್ಡೆ ಚದುರುತ್ತದೆ. ಕೋಶ-ಕೋಶದ ಖರ್ಚು 4ರಲ್ಲೇ ನಿಂತು, ಹಂದರವನ್ನು ಹಿಡಿಯುವ ಶಕ್ತಿ ಹೆಚ್ಚಿ ಆ ಖರ್ಚು 1ಕ್ಕೆ ಇಳಿದರೂ ಉಳಿಕೆ ಅದೇ, ಸೊನ್ನೆಗಿಂತ 1 ಕೆಳಗೆ. ಎರಡು ದಾರಿ, ಒಂದೇ ಫಲ. ದಲಾಲ್ ಅವರ ಪ್ರಯೋಗಾಲಯ ಮುಟ್ಟಿದ್ದು ಮೊದಲ ಅಂಕಿಯನ್ನು, ವೈದ್ಯ ಅವರದು ಎರಡನೆಯದನ್ನು ಎಂದು ಓದಿದರೆ ವಿರೋಧ ಕರಗುತ್ತದೆ. ಈ ಜೋಡಣೆ ನನ್ನದು, ಪ್ರಬಂಧಗಳದ್ದಲ್ಲ. ಪ್ರೋಟೀನಿಗೂ ಅಂಕಿಗೂ ನೇರ ಸಮೀಕರಣ ಇದೆ ಎಂದು ನಾನು ಹೇಳುತ್ತಿಲ್ಲ. ಆದರೆ ಒಂದೇ ವಾಕ್ಯದಲ್ಲಿ ಎರಡನ್ನೂ ಕೂರಿಸಬಲ್ಲ ಭಾಷೆ ಗಣಿತದ್ದು ಮಾತ್ರ.

ಆಕ್ಷೇಪಗಳು ಇವೆ, ಹಗುರವಾದವಲ್ಲ. 1976ರಲ್ಲಿ ಆಲ್ಬರ್ಟ್ ಹ್ಯಾರಿಸ್ ಎತ್ತಿದ ಪ್ರಶ್ನೆ ಇಂದಿಗೂ ಓದಬೇಕಾದದ್ದು: ಕೋಶವೆಂದರೆ ದ್ರವದ ಅಣುವಲ್ಲ, ಅದು ಆಹಾರ ಸುಟ್ಟು ಶಕ್ತಿ ಪಡೆಯುವ, ತನ್ನ ಹೊರಮೈಯನ್ನು ತಾನೇ ಬಿಗಿಮಾಡಿಕೊಳ್ಳಬಲ್ಲ ಜೀವಿ, ಅಂಟಿಲ್ಲದೆಯೂ ಬರಿಯ ಬಿಗಿತದ ವ್ಯತ್ಯಾಸದಿಂದ ವಿಂಗಡಣೆ ಆಗಬಹುದಲ್ಲ? ಇದಕ್ಕೆ ಉತ್ತರ ಎರಡು ಕಡೆಯಿಂದ ಬಂತು. 2005ರಲ್ಲಿ ಫೋಟಿ ಮತ್ತು ಸ್ಟೈನ್‌ಬರ್ಗ್, ಕೋಶದ ಮೇಲಿನ ಕ್ಯಾಡ್ಹೆರಿನ್ ಎಂಬ ಅಂಟು ಪ್ರೋಟೀನ್ ಹೆಚ್ಚಿದಂತೆ ಅಂಗಾಂಶದ ಮೇಲ್ಮೈ ಎಳೆತವೂ ಅದೇ ಪ್ರಮಾಣದಲ್ಲಿ ಏರುವುದನ್ನು ಅಳೆದು ತೋರಿಸಿದರು. 2008ರಲ್ಲಿ ಜೀಬ್ರಾಮೀನಿನ ಭ್ರೂಣದ ಮೇಲೆ ನಡೆದ ಅಳತೆಗಳು ಹ್ಯಾರಿಸ್ ಅವರ ಪರವಾಗಿ ನುಡಿದವು: ಅಲ್ಲಿ ವಿಂಗಡಣೆಗೆ ಅಂಟಿನಷ್ಟೇ, ಅದಕ್ಕಿಂತಲೂ ಹೆಚ್ಚಾಗಿ, ಹೊರಮೈಯ ಬಿಗಿತ ಬೇಕಾಗಿತ್ತು. ಇದರಿಂದ ಮಾದರಿ ಸೋತಿತೆಂದು ನಾನು ಭಾವಿಸುವುದಿಲ್ಲ. ಗಡಿಯ ಖರ್ಚು ಎಂಬ ಅಂಕಿ ಉಳಿಯಿತು. ಅದು ಅಂಟಿನ ಅಳತೆ ಮಾತ್ರವಲ್ಲ, ಅಂಟು ಮತ್ತು ಬಿಗಿತ ಎರಡೂ ಸೇರಿದ ಅಳತೆ ಎಂದು ಅರ್ಥ ಹಿಗ್ಗಿತು. ಹ್ಯಾರಿಸ್ ತಕರಾರು ಎತ್ತದಿದ್ದರೆ ಈ ಹಿಗ್ಗುವಿಕೆ ತಡವಾಗುತ್ತಿತ್ತು.

ಎರಡನೆಯ ಆಕ್ಷೇಪ ಚಿಕಿತ್ಸೆ ಕೊಡುವ ಡಾಕ್ಟರುಗಳದು. ಸೂಜಿಯಲ್ಲಿ, ಶಸ್ತ್ರದಲ್ಲಿ ಸಿಗುವ ಗಡ್ಡೆಗಳನ್ನು ನೋಡಿದವರಿಗೆ ಗೊತ್ತು: ಕ್ಯಾನ್ಸರ್ ಬಹಳಷ್ಟು ಸಲ ಒಂಟಿ ಕೋಶಗಳಾಗಿ ಅಲ್ಲ, ಕೈಬಿಡದ ಗುಂಪುಗಳಾಗಿಯೇ ನುಗ್ಗುತ್ತದೆ. 2019ರಲ್ಲಿ ವೀಣಾ ಪದ್ಮನಾಭನ್, ಆಂಡ್ರ್ಯೂ ಎವಾಲ್ಡ್ ಮತ್ತು ಸಂಗಡಿಗರು ಸ್ತನ ಕ್ಯಾನ್ಸರಿನ ಹಲವು ಮಾದರಿಗಳಲ್ಲಿ, ದೂರದ ಅಂಗಕ್ಕೆ ಹರಡಲು ಇ-ಕ್ಯಾಡ್ಹೆರಿನ್ ಬೇಕೇ ಬೇಕು, ಅದನ್ನು ತೆಗೆದರೆ ಹೊರಟ ಕೋಶಗಳು ಸಾಯುತ್ತವೆ ಎಂದು ತೋರಿಸಿದರು. ಹಾಗಾದರೆ ಅಂಟು ಸಡಿಲಾದರೆ ಹರಡುತ್ತದೆ ಎಂಬ ಲೆಕ್ಕ ಏನಾಯಿತು? ಮೇಲಿನ ಕಳೆಯುವ ಲೆಕ್ಕ ಇದಕ್ಕೆ ಅರ್ಧ ಉತ್ತರ ಕೊಡುತ್ತದೆ: ಉಳಿಕೆ ಸೊನ್ನೆಯ ಹತ್ತಿರ ಬಂದು ಮೇಲೆಯೇ ನಿಂತರೆ ಗುಂಪು ಒಡೆಯದೆ ಕವಲುಗಳಾಗಿ ಚಾಚುತ್ತದೆ. ಮುಂಬಯಿ ಐಐಟಿಯಲ್ಲಿ, ಅಂದರೆ ಥಾಣೆಗೆ ಸಮೀಪದ ಪೊವಾಯಿಯಲ್ಲಿ, ಶಾಮಿಕ್ ಸೇನ್, ಮಂದಾರ್ ಇನಾಮ್ದಾರ್ ಮತ್ತು ಅವರ ವಿದ್ಯಾರ್ಥಿಗಳು 2016ರಲ್ಲಿ ಇದೇ ಪಾಟ್ಸ್ ಮಾದರಿಯಲ್ಲಿ ಗುಂಪು ನುಗ್ಗುವಿಕೆಯನ್ನು ಕಟ್ಟಿ, ಹಂದರ ಎಷ್ಟು ದಟ್ಟ, ಅದರ ನಾರುಗಳು ಹೇಗೆ ಜೋಡಿಸಿವೆ, ಕೋಶ ಅದನ್ನು ಕರಗಿಸಬಲ್ಲದೆ ಎಂಬುದರ ಮೇಲೆ ನುಗ್ಗುವಿಕೆ ಹೇಗೆ ನಿಂತಿದೆಯೆಂದು ಪರಿಶೀಲಿಸಿದರು. ಉಳಿದರ್ಧ ಉತ್ತರ ಮಾದರಿಯ ಹೊರಗಿದೆ. ಗುಂಪಿನಿಂದ ಬೇರಾದ ಕೋಶ ಬದುಕುತ್ತದೋ ಸಾಯುತ್ತದೋ ಎಂಬುದು ಗಡಿಯ ಖರ್ಚಿನಲ್ಲಿ ಬರೆದಿಲ್ಲ. ಅದನ್ನು ಬೇರೆಯೇ ನಿಯಮವಾಗಿ ಸೇರಿಸಬೇಕು. ಎಲ್ಲಿ ಹೊಸ ನಿಯಮ ಬೇಕೆಂದು ಮಾದರಿ ತಾನೇ ಸೋತು ತೋರಿಸುವುದನ್ನು ನಾನು ಅದರ ದೊಡ್ಡ ಉಪಕಾರವೆಂದೇ ಎಣಿಸುತ್ತೇನೆ.

ಬೆಳವಣಿಗೆಯ ಮಾತು ಉಳಿದಿದೆ. 1955ರಲ್ಲಿ ಟಾಮ್ಲಿನ್ಸನ್ ಮತ್ತು ಗ್ರೇ, ಶ್ವಾಸಕೋಶದ ಗಡ್ಡೆಗಳಲ್ಲಿ ರಕ್ತನಾಳದಿಂದ ಸುಮಾರು 0.2 ಮಿ.ಮೀ. ದಾಟಿದರೆ ಕೋಶಗಳು ಸತ್ತಿರುವುದನ್ನು ಗಮನಿಸಿದರು. ಆಮ್ಲಜನಕ ಅಷ್ಟು ದೂರ ತಲುಪುವುದಿಲ್ಲ. 1976ರಲ್ಲಿ ಎಚ್. ಪಿ. ಗ್ರೀನ್‌ಸ್ಪಾನ್ ಗಡ್ಡೆಯನ್ನು ಉಬ್ಬುವ ದ್ರವವಾಗಿ ಬರೆದು, ಅಂಟನ್ನು ಅದರ ಮೇಲ್ಮೈ ಎಳೆತವಾಗಿ ಇಟ್ಟರು: ಒಳಗಿನ ಒತ್ತಡ ತಳ್ಳುತ್ತದೆ, ಎಳೆತ ದುಂಡಗೆ ಹಿಡಿದಿಡುತ್ತದೆ, ಎಳೆತ ಸಾಲದಾದಾಗ ಅಂಚು ಒರಟಾಗಿ ಕವಲೊಡೆಯುತ್ತದೆ. ಅಂಚಿನ ಆಕಾರ, ನುಗ್ಗಿದ ಆಳ ಎಂಬ ಮಾತುಗಳು ಬಾಯಿಯ ಕ್ಯಾನ್ಸರಿಗೆ ಚಿಕಿತ್ಸೆ ಕೊಡುವವರ ಬಾಯಲ್ಲಿ ದಿನವೂ ಇರುವಂಥವು. ಪರೇಲಿನ ಟಾಟಾ ಸ್ಮಾರಕ ಆಸ್ಪತ್ರೆಯ ಅನಿಲ್ ಡಿಕ್ರೂಜ್ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಆರಂಭದ ಹಂತದ ಬಾಯಿ ಕ್ಯಾನ್ಸರಿನವರಿಗೆ ಗಡ್ಡೆಯ ಜೊತೆಗೇ ಕುತ್ತಿಗೆಯ ದುಗ್ಧಗ್ರಂಥಿಗಳನ್ನೂ ತೆಗೆದಾಗ ಮೂರು ವರ್ಷ ಬದುಕಿದವರು ಶೇ. 80, ಗ್ರಂಥಿ ಊದಿದರೆ ಮಾತ್ರ ತೆಗೆಯೋಣವೆಂದು ಕಾದವರಲ್ಲಿ ಶೇ. 67.5. ಆಳ 3 ಮಿ.ಮೀ.ಗಿಂತ ಕಡಿಮೆ ಇದ್ದವರಲ್ಲಿ ಲಾಭ ಸ್ಪಷ್ಟವಿರಲಿಲ್ಲ. ಯಾವ ಸಮೀಕರಣವೂ ಈ ಉತ್ತರ ಕೊಡುತ್ತಿರಲಿಲ್ಲ, ರೋಗಿಗಳ ಮೇಲಿನ ಪರೀಕ್ಷೆಯೇ ಬೇಕಾಯಿತು. ಆದರೆ ಒಂದೇ ಆಳದ ಎರಡು ಗಡ್ಡೆಗಳಲ್ಲಿ ಒಂದು ಹರಡಿ ಇನ್ನೊಂದು ಏಕೆ ಸುಮ್ಮನಿತ್ತು ಎಂಬುದನ್ನು ಪರೀಕ್ಷೆಯ ಶೇಕಡಾ ಹೇಳದು. ಕೋಶದ ಅಗಲ 15 ಮೈಕ್ರಾನ್ ಎಂದು ಹಿಡಿದರೆ 3 ಮಿ.ಮೀ. ಎಂದರೆ 200 ಕೋಶಗಳ ಸಾಲು; ಮನೆಯ ಕಂಪ್ಯೂಟರಿನಲ್ಲೇ ನಡೆಸಬಹುದಾದ ಲೆಕ್ಕ.

ಭಾರತದ ಗಂಡಸರಲ್ಲಿ ಅತಿ ಹೆಚ್ಚು ಕಾಣುವ ಕ್ಯಾನ್ಸರ್ ಬಾಯಿಯದು. ಈ ರೋಗದ ಪ್ರಯೋಗಾಲಯ ಖಾರ್ಘರ್‌ನಲ್ಲಿದೆ, ಆಸ್ಪತ್ರೆ ಪರೇಲಿನಲ್ಲಿದೆ, ಮಾದರಿ ಕಟ್ಟುವವರು ಪೊವಾಯಿಯಲ್ಲಿದ್ದಾರೆ. ಭಾರತದ ಮೊದಲ ಅಂಗಾಂಶ ಕೃಷಿ ಪ್ರಯೋಗಾಲಯವನ್ನು ಕಟ್ಟಿದ ಕಮಲ್ ರಣದಿವೆ ಕೆಲಸ ಮಾಡಿದ್ದು, ಮುಂದೆ ಆಕ್ಟ್ರೆಕ್‌ನೊಳಗೆ ಸೇರಿದ ಸಂಸ್ಥೆಯಲ್ಲೇ. 1973ರಲ್ಲಿ ಅವರು ಸ್ಥಾಪಿಸಿದ ಭಾರತೀಯ ಮಹಿಳಾ ವಿಜ್ಞಾನಿಗಳ ಸಂಘದ ಕೇಂದ್ರ ವಾಶಿಯಲ್ಲಿದೆ. ಥಾಣೆ, ಡೊಂಬಿವಲಿ, ಕಲ್ಯಾಣದ ಕಾಲೇಜುಗಳಲ್ಲಿ ಗಣಿತ ಓದುತ್ತಿರುವ ನಮ್ಮ ಕನ್ನಡದ ಹುಡುಗ ಹುಡುಗಿಯರು ಬ್ಯಾಂಕು, ಸಾಫ್ಟ್‌ವೇರುಗಳ ಆಚೆಗೂ ತಮ್ಮ ವಿದ್ಯೆಗೆ ಕೆಲಸವಿದೆ ಎಂದು ತಿಳಿಯಬೇಕು. ಗ್ಲೇಜಿಯರ್ ಅವರ ಬಳಗ ಕಟ್ಟಿದ ಕಾಂಪ್ಯುಸೆಲ್‌ತ್ರೀಡಿ ಉಚಿತವಾಗಿ ಸಿಗುತ್ತದೆ, ಪೈಥಾನ್ ಬಂದರೆ ಸಾಕು. ಈ ಅಂಕಣದ 4, 10, 22 ಅಂಕಿಗಳನ್ನು ಅದರೊಳಗೆ ಹಾಕಿ ನಡೆಸಿ ನೋಡಿ. ನನ್ನ ವಾದ ಎಲ್ಲಿ ನಿಲ್ಲದೋ ಅಲ್ಲಿ ಬರೆದು ತಿಳಿಸಿ.