ಅಂಕಣದೊಳಗೆ ಭಕ್ತಿ

ಮಗುವೊಂದು ಪ್ರಾರ್ಥನೆಯನ್ನು ತಪ್ಪಿಲ್ಲದೆ ಒಪ್ಪಿಸಿದರೆ ನಾವು ಹಿಗ್ಗುತ್ತೇವೆ. ಅದು ಪ್ರಾರ್ಥಿಸಲು ಕಲಿತಿದೆಯೇ ಎಂಬುದು ಬೇರೆಯೇ ಪ್ರಶ್ನೆ. ಧರ್ಮಶಿಕ್ಷಣ ಕಡ್ಡಾಯವಾಗಿರುವ ಇಂಡೋನೇಷ್ಯದ ಶಾಲೆಗಳಲ್ಲಿ ಈ ಪ್ರಶ್ನೆಯನ್ನು ಗಂಭೀರವಾಗಿಯೇ ಎತ್ತಿಕೊಳ್ಳಲಾಯಿತು. ಅಲ್ಲಿ ಬಹುಪಾಲು ಮಕ್ಕಳು ಕಲಿಯುವುದು ಇಸ್ಲಾಂ ಧರ್ಮವನ್ನು.

2013ರ ಪಠ್ಯಕ್ರಮವು 'ನೈಜ ಮೌಲ್ಯಮಾಪನ'ಕ್ಕೆ ಒತ್ತು ನೀಡಿತು. ಬಾಯಿಪಾಠದ ಪರೀಕ್ಷೆ ಸಾಲದು, ಕಲಿತದ್ದನ್ನು ಮಾಡಿ ತೋರಿಸಬೇಕೆಂಬುದು ಅದರ ತಿರುಳು. ನಮಾಜಿಗೆ ಮುನ್ನ ಕೈಕಾಲು, ಮುಖ ತೊಳೆಯುವ ವುಜೂ ವಿಧಿಯನ್ನು ಉತ್ತರಪತ್ರಿಕೆಯಲ್ಲಿ ಬರೆಯುವುದಕ್ಕಿಂತ ನೀರಿನ ಮುಂದೆ ನಿಂತು ಮಾಡುವುದು ಮೇಲಲ್ಲವೇ? ಕುರ್‌ಆನ್ ಪಠಣದ ಉಚ್ಚಾರವನ್ನು ಕಿವಿಯಿಂದಲ್ಲದೆ ಕಾಗದದಿಂದ ಅಳೆಯಲಾದೀತೇ? ಇಷ್ಟರಮಟ್ಟಿಗೆ ಈ ಕ್ರಮ ಮೆಚ್ಚತಕ್ಕದ್ದೇ.

ತೊಡಕಿರುವುದು ಮುಂದೆ. ಜ್ಞಾನ, ಕೌಶಲಗಳೊಡನೆ 'ಆಧ್ಯಾತ್ಮಿಕ ಮನೋಭಾವ'ವೂ ಅಳತೆಗೆ ಒಳಪಟ್ಟಿತು. 'ಯಾವಾಗಲೂ, ಅನೇಕ ಸಲ, ಕೆಲವೊಮ್ಮೆ, ಎಂದೂ ಇಲ್ಲ' ಎಂಬಂಥ ಅಂಕಣಗಳಲ್ಲಿ ಮಗು ತನ್ನ ಪ್ರಾರ್ಥನೆಯ ಬಗೆಗೆ ತಾನೇ ಗುರುತು ಹಾಕಬೇಕು. ಸಹಪಾಠಿಗಳ ನಡತೆಯನ್ನೂ ಅಳೆಯಬೇಕು. ನಮಾಜು ತಪ್ಪಿಸಿದೆನೆಂದು ನಿಜ ನುಡಿದ ಮಗುವಿಗೆ ಕೆಳದರ್ಜೆ; ಸುಳ್ಳಾಡಿದ ಮಗುವಿಗೆ ಪ್ರಾಮಾಣಿಕತೆಯ ಸಾಲಿನಲ್ಲೂ ಮೇಲ್ದರ್ಜೆ!

ಶಿಕ್ಷಕರನ್ನು ದೂರುವಂತಿಲ್ಲ. ಕಿರಿಯ ಪ್ರೌಢಶಾಲೆಯಲ್ಲಿ ಈ ವಿಷಯಕ್ಕೆ ವಾರಕ್ಕೆ 3 ಅವಧಿ. ಶಿಕ್ಷಕರ ಬೋಧನಾ ಹೊರೆ ಕನಿಷ್ಠ 24 ಅವಧಿ. ಅಂದರೆ 8 ತರಗತಿಗಳು. ತರಗತಿಗೆ 32 ಮಕ್ಕಳೆಂದರೂ 256 ಅಂತರಂಗಗಳನ್ನು ಒಬ್ಬರೇ ಅರಿತು ಬರೆಯಬೇಕಾಗಿತ್ತು.

ಇಸ್ಲಾಮಿನೊಳಗೇ ಈ ಅಪಾಯದ ಅರಿವಿದೆ. ಕರ್ಮದ ಬೆಲೆ 'ನಿಯ್ಯತ್' ಎಂಬ ಅಂತರಂಗದ ಸಂಕಲ್ಪದಲ್ಲಿದೆ. ಜನರು ನೋಡಲೆಂದು ಮಾಡುವ ಆರಾಧನೆಯೇ 'ರಿಯಾ' ಎಂಬ ದೋಷ. 1111ರಲ್ಲಿ ತೀರಿಕೊಂಡ ಮಹಾಪಂಡಿತ ಅಲ್-ಗಜಾಲಿ ಆ ದೋಷವನ್ನು ವಿಸ್ತಾರವಾಗಿ ವಿವೇಚಿಸಿದ್ದಾರೆ. ರಂಜಾನ್ ತಿಂಗಳಲ್ಲಿ ಶಾಲೆ ಕೊಟ್ಟ ಪುಸ್ತಿಕೆ ಹಿಡಿದು, ರಾತ್ರಿಯ ತರಾವೀಹ್ ನಮಾಜು ಮುಗಿದೊಡನೆ ಇಮಾಮರ ಸಹಿಗಾಗಿ ಮುಗಿಬೀಳುವ ಮಕ್ಕಳು ಇಂಡೋನೇಷ್ಯದಲ್ಲಿ ಚಿರಪರಿಚಿತ ದೃಶ್ಯ. (ನಮ್ಮ ಧರ್ಮೋಪದೇಶ ತರಗತಿಯ ಹಾಜರಿಪುಸ್ತಕ ಕಂಡವರು ನಗುವ ಮುನ್ನ ಯೋಚಿಸಲಿ.) ಅಲ್ಲಿನ ಕ್ರೈಸ್ತ ಮಕ್ಕಳ ಧರ್ಮಶಿಕ್ಷಣವೂ ಅದೇ 2013ರ ಚೌಕಟ್ಟಿಗೆ ಒಳಪಟ್ಟಿತ್ತು.

2022ರಲ್ಲಿ ಬಂದ 'ಮೆರ್ಡೆಕಾ' ಪಠ್ಯಕ್ರಮವು ಆ ಹಳೆಯ ವಿಂಗಡಣೆಯನ್ನು ಕೈಬಿಟ್ಟಿತು. ಆದರೆ ನೈಜ ಪರೀಕ್ಷೆಯ ಆಸೆಯನ್ನು ಕೈಬಿಡಬೇಕಿಲ್ಲ. ಉಪವಾಸದ ತಿಂಗಳ ಕೊನೆಗೆ ಅಲ್ಲಿ ತಲೆಗೆ ಎರಡೂವರೆ ಕಿಲೋ ಅಕ್ಕಿಯಂತೆ ಫಿತ್ರ್ ಜಕಾತ್ ದಾನ ಸಲ್ಲಿಸುವ ವಾಡಿಕೆಯಿದೆ. ಐವರ ಮನೆಗೆ ಎಷ್ಟೆಂದು ಮಗು ಲೆಕ್ಕಹಾಕಲಿ, ತೂಗಲಿ, ಪಡೆಯಲು ಅರ್ಹರು ಯಾರೆಂದು ವಿಚಾರಿಸಲಿ, ಹನ್ನೆರಡೂವರೆ ಕಿಲೋ ಅಕ್ಕಿಯನ್ನು ಹಿರಿಯರೊಡನೆ ಹೊತ್ತು ಆ ಮನೆಗೆ ಮುಟ್ಟಿಸಲಿ. ಲೆಕ್ಕ ಸರಿಯೇ, ನಿಯಮ ತಿಳಿದಿದೆಯೇ ಎಂಬುದಕ್ಕೆ ಶಿಕ್ಷಕರು ಧಾರಾಳವಾಗಿ ಅಂಕ ಕೊಡಬಹುದು.