ಎದ್ದು ಹೋಗಲು ಬಿಡುವ ಆಟಗಳು

ಬ್ರೌಸರಿನಲ್ಲಿ ಆಡುವ ಚಿಕ್ಕಪುಟ್ಟ ಆಟಗಳ ಬಗ್ಗೆ ನಮ್ಮಲ್ಲಿ ತೀರ್ಪು ಎಂದೋ ಆಗಿಹೋಗಿದೆ. ಅವು ಚಟ, ಕೆಲಸವಿಲ್ಲದವರ ಕಾಲಹರಣ. ಮಗಳು ಲ್ಯಾಪ್‌ಟಾಪಿನಲ್ಲಿ ಅಂಕಿ ಜೋಡಿಸುತ್ತ ಕೂತರೆ ಅಮ್ಮನ ಕಣ್ಣಿಗೆ ಬರುವುದು ಆನ್‌ಲೈನ್ ರಮ್ಮಿಯಲ್ಲಿ ಸಂಬಳ ಕಳೆದುಕೊಂಡವರ ಸುದ್ದಿ. ಆ ಭಯಕ್ಕೆ ಕಾರಣವಿದೆ, ನಿಜ. ಆದರೆ ಈ ಆಟಗಳು ಯಾಕೆ ಹಿಡಿಸುತ್ತವೆ ಎಂಬ ಪ್ರಶ್ನೆಗೆ ‘ಚಟ’ ಉತ್ತರವಾಗುವುದಿಲ್ಲ. ಇವುಗಳಲ್ಲಿ ಒಳ್ಳೆಯವು ಹಿಡಿಸುವುದು, ಆಡುತ್ತಿದ್ದವರನ್ನು ಎದ್ದು ಹೋಗಲು ಬಿಡುತ್ತವೆ ಎಂಬ ಕಾರಣಕ್ಕೇ.

ಕ್ರೋಮ್ ಬ್ರೌಸರಿನ ಡೈನೋಸಾರ್ ಆಟವನ್ನು ನೋಡಿ. ಇಂಟರ್ನೆಟ್ ಹೋದಾಗ ಕಾಣುವ ಪುಟದಲ್ಲಿ ಗೂಗಲ್‌ನವರು 2014ರಲ್ಲಿ ಅದನ್ನು ಇಟ್ಟರು. ಸ್ಪೇಸ್ ಬಾರ್ ಒತ್ತಿದರೆ ಓಟ ಶುರು. ಕಳ್ಳಿಗಿಡ ಎದುರಾದಾಗ ಮತ್ತೆ ಒತ್ತಿ ನೆಗೆಯಬೇಕು. ನೂರು ಅಂಕಕ್ಕೊಮ್ಮೆ ಲೆಕ್ಕ ಮಿನುಗುತ್ತದೆ, ಏಳುನೂರಾದಾಗ ಬಿಳಿ ಪರದೆ ಕಪ್ಪಾಗಿ ರಾತ್ರಿ ಬೀಳುತ್ತದೆ. ಹೆಸರು ಬರೆಸಿಕೊಳ್ಳುವುದಿಲ್ಲ, ಫೋನ್ ನಂಬರ್ ಕೇಳುವುದಿಲ್ಲ. ತಿಂಗಳಿಗೆ 27 ಕೋಟಿ ಸಲ ಈ ಆಟ ನಡೆಯುತ್ತದೆ ಎಂದು 2018ರಲ್ಲಿ ಗೂಗಲ್ ಹೇಳಿತು. ಆಗ ಆಡುತ್ತಿದ್ದವರಲ್ಲಿ ಹೆಚ್ಚಿನವರು ಭಾರತ, ಬ್ರೆಜಿಲ್, ಇಂಡೊನೇಷ್ಯಾದಂಥ ಕಡೆಯವರು, ಅಂದರೆ ಡೇಟಾ ದುಬಾರಿಯಾದ ಅಥವಾ ಆಗಾಗ ಕೈಕೊಡುವ ದೇಶಗಳವರು. ನೆಟ್ ಬರಲೆಂದು ಕಾಯುತ್ತ ಕೂತವರನ್ನು ಸೋಮಾರಿಗಳೆಂದು ಕರೆಯುವುದು ಅನ್ಯಾಯ. ಅವರ ಸಮಯ ಆಗಲೇ ಹಾಳಾಗಿತ್ತು. ಆಟ ಆ ಬೇಸರವನ್ನು ಒಂದಿಷ್ಟು ಕಳೆಯಿತು, ಅಷ್ಟೆ.

ವರ್ಡಲ್ ಇದಕ್ಕಿಂತ ದೊಡ್ಡ ಸಾಕ್ಷಿ. ಜಾಶ್ ವಾರ್ಡಲ್ ತನ್ನ ಸಂಗಾತಿ ಪಲಕ್ ಶಾ ಅವರಿಗಾಗಿ ಮಾಡಿದ ಆಟ ಅದು. ಊಹಿಸಲು ಐದಕ್ಷರದ ಒಂದು ಇಂಗ್ಲಿಷ್ ಪದ, ಆರು ಅವಕಾಶ, ಮುಗಿದರೆ ಆಗೆಲ್ಲ ಮರುದಿನದವರೆಗೆ ಬಾಗಿಲು ಹಾಕಿದಂತೆ. 2021ರ ನವೆಂಬರ್ 1ರಂದು ಆಡಿದವರು 90 ಜನ. ಎರಡು ತಿಂಗಳು ಕಳೆಯುವಷ್ಟರಲ್ಲಿ 3 ಲಕ್ಷ. ಆಗ ಅದರಲ್ಲಿ ಜಾಹೀರಾತಿರಲಿಲ್ಲ, ‘ಬನ್ನಿ ಆಡಿ’ ಎಂದು ಫೋನಿನಲ್ಲಿ ಬಡಿಯುವ ಗಂಟೆಯೂ ಇರಲಿಲ್ಲ. ಇನ್ನೊಂದು ಆಟ ಬೇಕೆಂದರೂ ಕೊಡದ ಆಟ ಹೀಗೆ ಹಬ್ಬಿದ್ದನ್ನು ಚಟದ ಲೆಕ್ಕದಲ್ಲಿ ವಿವರಿಸುವುದು ಹೇಗೆ?

ಬ್ರೌಸರಿನಲ್ಲಿದ್ದ ಮಾತ್ರಕ್ಕೆ ಎಲ್ಲವೂ ಸಾಧು ಎಂದು ನಾನು ವಾದಿಸುತ್ತಿಲ್ಲ. 2009ರಲ್ಲಿ ಫೇಸ್‌ಬುಕ್ಕಿನಲ್ಲಿ ಬಂದ ಫಾರ್ಮ್‌ವಿಲ್‌ನಲ್ಲಿ ಬಿತ್ತಿದ ಬೆಳೆಯನ್ನು ಹೊತ್ತಿಗೆ ಸರಿಯಾಗಿ ಬಂದು ಕೊಯ್ಯದಿದ್ದರೆ ಅದು ಬಾಡಿಹೋಗುತ್ತಿತ್ತು. ಬಾಡದಿರಲೆಂದು ಜನ ಕೆಲಸದ ನಡುವೆ ಎದ್ದು ಬಂದು ಕೊಯ್ದರು. ಕ್ಯಾಂಡಿ ಕ್ರಶ್‌ನಲ್ಲಿ ಐದು ಜೀವ ಮುಗಿದರೆ ಅರ್ಧ ಗಂಟೆ ಕಾಯಬೇಕು, ಇಲ್ಲವೇ ದುಡ್ಡು ಕೊಡಬೇಕು. ಇಲ್ಲಿ ಕೆಟ್ಟದ್ದೇನೆಂದು ಬೆರಳಿಟ್ಟು ತೋರಿಸಬಹುದು: ಬಾಡುವ ಬೆಳೆ, ಮುಗಿಯುವ ಜೀವ, ಮತ್ತೆ ಕರೆತರುವ ಲೆಕ್ಕಾಚಾರ. ವರ್ಡಲ್ ಕೂಡ ಸತತ ಎಷ್ಟು ದಿನ ಗೆದ್ದಿರಿ ಎಂದು ಲೆಕ್ಕ ಇಡುತ್ತದೆ. ಆ ಲೆಕ್ಕ ತಪ್ಪಬಾರದೆಂದೇ ಆಡುವವರಿದ್ದಾರೆ, ಅದು ನನಗೆ ಹಿಡಿಸಿಲ್ಲ. ಮಕ್ಕಳ ಆಟದ ಎಷ್ಟೋ ತಾಣಗಳಲ್ಲಿ ಆಟಕ್ಕಿಂತ ಜಾಹೀರಾತಿನ ಗುಂಡಿಯೇ ದೊಡ್ಡದು. ಇವನ್ನು ಹೆಸರು ಹಿಡಿದು ಬೈಯಬೇಕು. 2025ರ ಆಗಸ್ಟಿನಲ್ಲಿ ಸಂಸತ್ತು ಒಪ್ಪಿದ ಆನ್‌ಲೈನ್ ಆಟಗಳ ಕಾಯ್ದೆಯೇ ಹಣ ಹೂಡುವ ಆಟವನ್ನು ನಿಷೇಧಿಸಿ, ಬರೀ ಮನರಂಜನೆಯ ಆಟವನ್ನು ಬೇರೆ ಇಟ್ಟಿದೆ. ಕಾಯ್ದೆಗೆ ಕಂಡ ವ್ಯತ್ಯಾಸ ಮನೆಯ ಹಿರಿಯರಿಗೂ ಕಾಣಬೇಕು.

ಬೆಳಗಿನ ಕಾಫಿ ಜೊತೆ ಪೇಪರಿನ ಪದಬಂಧ ತುಂಬುವ ಅಜ್ಜನನ್ನು ಯಾರೂ ಚಟಗಾರ ಎನ್ನುವುದಿಲ್ಲ. ಬುದ್ಧಿ ಚುರುಕಾಗಿದೆ ಎಂದು ಹೊಗಳುತ್ತೇವೆ. ಅದೇ ಕೆಲಸ ಪರದೆಗೆ ಬಂದ ಕೂಡಲೇ ಮರ್ಯಾದೆ ಕಳೆದುಕೊಳ್ಳುತ್ತದೆ. ಈ ತಾತ್ಸಾರದಿಂದ ನಷ್ಟವಾಗುತ್ತಿರುವುದು ಕನ್ನಡಕ್ಕೇ. ಇಟಲಿಯ ಹತ್ತೊಂಬತ್ತರ ಹುಡುಗ ಗೇಬ್ರಿಯೆಲೆ ಚಿರುಲ್ಲಿ 2014ರಲ್ಲಿ ಒಂದು ವಾರಾಂತ್ಯ ಕೂತು 2048 ಎಂಬ ಅಂಕಿ ಜೋಡಿಸುವ ಆಟ ಬರೆದ, ಅದರ ಕೋಡನ್ನು ಯಾರು ಬೇಕಾದರೂ ಬಳಸಲಿ ಎಂದು ಬಿಟ್ಟುಕೊಟ್ಟ. ನಮ್ಮ ಹುಡುಗ ಹುಡುಗಿಯರಿಗೂ ಆ ಕೈಚಳಕ ಇದೆ. ಇದು ಮಾಡತಕ್ಕ ಕೆಲಸ ಎಂದು ಅವರಿಗೆ ಹೇಳುವವರು ಕಡಿಮೆ.

ಕನ್ನಡದಲ್ಲೊಂದು ವರ್ಡಲ್ ಮಾಡಲು ಹೊರಟರೆ ಎದುರಾಗುವ ತೊಡಕುಗಳೇ ಎಷ್ಟು ಸೊಗಸು! ‘ಸ್ನೇಹ’ ಎಂಬ ಪದ ನಮ್ಮ ಲೆಕ್ಕದಲ್ಲಿ ಎರಡಕ್ಷರ. ಕಂಪ್ಯೂಟರಿನ ಯೂನಿಕೋಡ್ ಲೆಕ್ಕದಲ್ಲಿ ಐದು: ಸಕಾರ, ಹಲಂತ ಚಿಹ್ನೆ, ನಕಾರ, ಏತ್ವದ ದೀರ್ಘ, ಹಕಾರ. ಅಕ್ಷರ ಸರಿಯಾದ ಮನೆಯಲ್ಲಿದ್ದರೆ ಹಸಿರು, ಬೇರೆ ಮನೆಯಲ್ಲಿದ್ದರೆ ಹಳದಿ ಎಂಬ ಇಂಗ್ಲಿಷಿನ ನಿಯಮವನ್ನು ಹಾಗೇ ತಂದಿಟ್ಟರೆ ಆಟ ನಡೆಯುವುದಿಲ್ಲ. ಆಡುವವಳು ‘ಸೇಹ’ ಎಂದು ಊಹಿಸಿದಳೆನ್ನಿ. ಸಕಾರ ಸರಿ, ಸ್ವರ ಸರಿ, ನಕಾರದ ಒತ್ತು ಮಾತ್ರ ಬಿಟ್ಟುಹೋಗಿದೆ. ಆ ಮೊದಲ ಮನೆಗೆ ಹಸಿರು ಹಾಕುವುದೋ, ಹಳದಿ ಹಾಕುವುದೋ, ಅಥವಾ ಗುಣಿತಕ್ಕೊಂದು ಒತ್ತಿಗೊಂದು ಬೇರೆ ಬಣ್ಣವೇ ಬೇಕೋ?