ಬಿಡುಗಡೆಯ ನಂತರದ ಪರೀಕ್ಷೆ: ರಾಮಾಯಣದ ಅಗ್ನಿಪ್ರವೇಶವನ್ನು ಕುರಿತು

ರಾಮಾಯಣದ ಕಥೆ ನಮ್ಮ ಪ್ರಬೋಧನೆಗಳಲ್ಲಿ ಕಾಣಿಸಿಕೊಳ್ಳುವುದು ಅಪರೂಪವೇನಲ್ಲ. ಕಾಣಿಸಿಕೊಂಡಾಗ ಅದು ಬಹುಮಟ್ಟಿಗೆ ಒಂದೇ ಅಚ್ಚಿನಲ್ಲಿರುತ್ತದೆ. ಸೀತೆ ಎಂದರೆ ಪಾಪದ ಸೆರೆಗೆ ಸಿಕ್ಕಿದ ಮಾನವಾತ್ಮ, ರಾವಣ ಸೈತಾನ, ರಾಮ ಉದ್ಧಾರಕ, ಹನುಮಂತ ಶುಭವಾರ್ತೆ ಹೊತ್ತ ಪ್ರೇಷಿತ. ಕೇಳುವವರಿಗೆ ಪರಿಚಿತವಾದ ಕಥೆಯ ಮೂಲಕ ರಕ್ಷಣೆಯ ರಹಸ್ಯವನ್ನು ವಿವರಿಸುವ ಆಶಯ ಒಳ್ಳೆಯದೇ. ಆದರೆ ಈ ರೂಪಕ ರಾವಣವಧೆಯವರೆಗೆ ಬಂದು ನಿಂತುಬಿಡುತ್ತದೆ. ವಾಲ್ಮೀಕಿ ಅಲ್ಲಿ ನಿಲ್ಲುವುದಿಲ್ಲ. ಗೆದ್ದ ಗಂಡ ಬಿಡುಗಡೆಯಾದ ಹೆಂಡತಿಯನ್ನು ಹೇಗೆ ಎದುರುಗೊಂಡ ಎಂಬ ಕಷ್ಟದ ಪ್ರಶ್ನೆಯನ್ನು ಆತ ಎತ್ತುತ್ತಾನೆ. ಆ ಪ್ರಶ್ನೆಯನ್ನು ಕೈಬಿಟ್ಟ ಓದು ಮಹಾಕಾವ್ಯಕ್ಕೂ ನ್ಯಾಯ ಸಲ್ಲಿಸದು, ನಮ್ಮ ರಕ್ಷಣಾಶಾಸ್ತ್ರಕ್ಕೂ ನೆರವಾಗದು.

ಈ ಕಥೆಯನ್ನು ಇಡಿಯಾಗಿ ಓದಿದ ಯಾಜಕರೊಬ್ಬರ ಮಾದರಿ ನಮ್ಮ ಮುಂದಿದೆ. 1909ರಲ್ಲಿ ಬೆಲ್ಜಿಯಂನಲ್ಲಿ ಹುಟ್ಟಿ 1935ರಲ್ಲಿ ಭಾರತಕ್ಕೆ ಬಂದ ಯೇಸುಸಭೆಯ ಫಾದರ್ ಕಾಮಿಲ್ ಬುಲ್ಕೆಯವರು ರಾಮಕಥೆಯ ಉಗಮ ಮತ್ತು ವಿಕಾಸವನ್ನು ಕುರಿತು ಹಿಂದಿಯಲ್ಲಿ ರಚಿಸಿದ ಸಂಶೋಧನ ಗ್ರಂಥ 1950ರಲ್ಲಿ ಪ್ರಕಟವಾಯಿತು. ವಾಲ್ಮೀಕಿಯಿಂದ ತೊಡಗಿ ಬೌದ್ಧ, ಜೈನ ರೂಪಗಳವರೆಗೆ, ಭಾರತೀಯ ಭಾಷೆಗಳಿಂದ ಆಗ್ನೇಯ ಏಷ್ಯದವರೆಗೆ ಅದರ ಹರವು. ಕಥೆ ತಾನಾಗಿ ಏನು ಹೇಳುತ್ತದೆ, ಎಲ್ಲೆಲ್ಲಿ ಬದಲಾಗುತ್ತದೆ ಎಂಬುದನ್ನು ಅವರು ತಾಳ್ಮೆಯಿಂದ ಗಮನಿಸಿದರು. ನಮ್ಮ ಓದೂ ಅಲ್ಲಿಂದಲೇ ತೊಡಗಬೇಕು.

ಮೊದಲು ರಾಮನ ಸಹಾಯಕರನ್ನು ನೋಡೋಣ. ಸೀತೆಯ ಕೂಗಿಗೆ ಓಗೊಟ್ಟು ಬಂದವನು ಮುದಿ ಹದ್ದು ಜಟಾಯು. ರೆಕ್ಕೆ ಕಡಿಸಿಕೊಂಡು ಸತ್ತ ಆತನಿಗೆ ರಾಮ ತಾನೇ ನಿಂತು ಅಂತ್ಯಕ್ರಿಯೆ ನಡೆಸುತ್ತಾನೆ. ಸೀತೆ ಲಂಕೆಯಲ್ಲಿರುವುದನ್ನು ವಾನರರಿಗೆ ತಿಳಿಸುವವನು ರೆಕ್ಕೆ ಸುಟ್ಟುಹೋದ ಸಂಪಾತಿ. ಕಡಲು ಹಾರುವವನೂ ಸೇತುವೆ ಕಟ್ಟುವವರೂ ವಾನರರು. ಅಯೋಧ್ಯೆಯ ಸೇನೆ ಈ ಯುದ್ಧಕ್ಕೆ ಬರುವುದೇ ಇಲ್ಲ. ನಾವು ಮಾತುಮಾತಿಗೆ ಬಳಸುವ ‘ಅಳಿಲು ಸೇವೆ’ಯ ಕಥೆ ವಾಲ್ಮೀಕಿಯಲ್ಲಿಲ್ಲ, ನಂತರ ಸೇರಿದ್ದು, ಆದರೂ ಕಾವ್ಯದ ಒಲವನ್ನು ಅದು ಸರಿಯಾಗಿಯೇ ಗ್ರಹಿಸಿದೆ. ಕನ್ನಡದಲ್ಲಿ ನಾಗಚಂದ್ರನ ‘ರಾಮಚಂದ್ರಚರಿತಪುರಾಣ’ ಜೈನ ಪರಂಪರೆಯನ್ನು ಅನುಸರಿಸಿ ವಾನರರನ್ನು ಕಪಿಧ್ವಜವುಳ್ಳ ವಿದ್ಯಾಧರರನ್ನಾಗಿ ಮಾಡುತ್ತದೆ. ಕಥೆ ಆಗ ಬುದ್ಧಿಗೆ ಹೆಚ್ಚು ಒಪ್ಪಿಗೆಯಾಗುತ್ತದೆ. ಆದರೆ ಲೆಕ್ಕಕ್ಕಿಲ್ಲದವರೇ ನೆರವಿಗೆ ಒದಗುವ ಬೆರಗು ಕುಂದುತ್ತದೆ. ಬಲಹೀನರನ್ನೇ ದೇವರು ಆರಿಸಿಕೊಂಡರೆಂದು ಸಂತ ಪೌಲರಿಂದ ಕಲಿತ ನಮಗೆ ಆ ಬೆರಗಿನ ಬೆಲೆ ತಿಳಿದಿರಬೇಕು.

ಯುದ್ಧ ಮುಗಿಯುತ್ತದೆ. ಅಶೋಕವನಕ್ಕೆ ವಿಜಯವಾರ್ತೆ ತಂದ ಹನುಮಂತ, ಸೀತೆಯನ್ನು ಕಾಡಿದ ರಾಕ್ಷಸಿಯರನ್ನು ಕೊಲ್ಲಲು ಅಪ್ಪಣೆ ಬೇಡುತ್ತಾನೆ. ಅವರು ಒಡೆಯನ ಆಜ್ಞೆಗೆ ಒಳಪಟ್ಟ ದಾಸಿಯರು, ಅವರ ಮೇಲೆ ಕೋಪ ಸಲ್ಲದೆಂದು ಆಕೆ ತಡೆಯುತ್ತಾಳೆ. ಸೆರೆಯಿಂದ ಇನ್ನೂ ಹೊರಬರದವಳು ಸೆರೆಗಾವಲಿನವರನ್ನು ಕ್ಷಮಿಸುತ್ತಾಳೆ. ಇದಾದ ಮೇಲೆ ರಾಮನ ಕಠೋರವಾದ ಮಾತು ಬರುತ್ತದೆ: ಯುದ್ಧ ಮಾಡಿದ್ದು ನಿನಗಾಗಿ ಅಲ್ಲ, ಕುಲದ ಮಾನಕ್ಕಾಗಿ, ಪರರ ಮನೆಯಲ್ಲಿದ್ದವಳನ್ನು ಸ್ವೀಕರಿಸಲಾರೆ, ಇಷ್ಟಬಂದಲ್ಲಿಗೆ ಹೋಗು. ವಾನರರೂ ರಾಕ್ಷಸರೂ ನೆರೆದ ಸಭೆಯಲ್ಲೇ ಈ ಮಾತು ನಡೆಯುತ್ತದೆ. ಚಿತೆಯನ್ನು ಸಿದ್ಧಪಡಿಸಲು ಸೀತೆಯೇ ಲಕ್ಷ್ಮಣನಿಗೆ ಹೇಳುತ್ತಾಳೆ. ಅಗ್ನಿ ಆಕೆಯನ್ನು ನಿಷ್ಕಳಂಕಳೆಂದು ಹಿಂದಿರುಗಿಸುತ್ತಾನೆ. ತನಗೆ ಸಂಶಯವಿರಲಿಲ್ಲ, ಲೋಕದ ನಂಬಿಕೆಗಾಗಿ ಹೀಗೆ ಮಾಡಬೇಕಾಯಿತೆಂದು ರಾಮ ಆಮೇಲೆ ಹೇಳುತ್ತಾನೆ.

ಪ್ರಬೋಧನೆಯ ರೂಪಕ ಮುರಿಯುವುದು ಇಲ್ಲಿಯೇ. ಸೀತೆ ಪಾಪಕ್ಕೆ ಬಿದ್ದ ಆತ್ಮವಲ್ಲ. ಅನ್ಯಾಯಕ್ಕೆ ಒಳಗಾದ ನಿರ್ದೋಷಿ. ಆದರೂ ರುಜುವಾತಿನ ಹೊರೆ ಆಕೆಯ ಮೇಲೆಯೇ ಬೀಳುತ್ತದೆ.

ಈ ಸನ್ನಿವೇಶದ ನೋವನ್ನು ಮೊದಲು ಕಂಡವರು ನಾವಲ್ಲ; ರಾಮಾಯಣ ಪರಂಪರೆಯೇ ಅದರೊಡನೆ ಸೆಣಸಿದೆ. ‘ಅಧ್ಯಾತ್ಮ ರಾಮಾಯಣ’ ಮತ್ತು ತುಲಸೀದಾಸರ ಪ್ರಕಾರ ರಾವಣ ಒಯ್ದದ್ದು ಮಾಯಾಸೀತೆಯನ್ನು. ನಿಜವಾದ ಸೀತೆ ಅಗ್ನಿಯ ಆಶ್ರಯದಲ್ಲಿದ್ದಳು, ಅಗ್ನಿಪ್ರವೇಶ ಆಕೆಯನ್ನು ಮರಳಿ ಪಡೆಯುವ ಬಗೆ. ಕುವೆಂಪು ಬೇರೆ ದಾರಿ ಹಿಡಿದರು. 1967ರ ಜ್ಞಾನಪೀಠ ಪ್ರಶಸ್ತಿ ಪಡೆದ ‘ಶ್ರೀ ರಾಮಾಯಣ ದರ್ಶನಂ’ನಲ್ಲಿ ರಾಮನೂ ಅಗ್ನಿಯನ್ನು ಪ್ರವೇಶಿಸಿ ಸೀತೆಯೊಡನೆ ಹೊರಬರುತ್ತಾನೆ. ಮೊದಲನೆಯ ಪರಿಹಾರ ಭಕ್ತಿಗೆ ಸಮಾಧಾನ ತರುತ್ತದೆ. ಆದರೆ ಸೆರೆಯಲ್ಲಿ ನೊಂದವಳೇ ಇಲ್ಲವೆಂದ ಮೇಲೆ ನೋವಿನ ಪ್ರಶ್ನೆಯೂ ಮಾಯವಾಗುತ್ತದೆ. ಕುವೆಂಪು ನೋವನ್ನು ಅಳಿಸಲಿಲ್ಲ. ಪರೀಕ್ಷಿಸುವವನನ್ನು ಪರೀಕ್ಷೆಯೊಳಕ್ಕೆ ತಂದರು. ನಿರಪರಾಧಿಗೆ ಬೆಂಕಿಯೇ ಬೇಕಿತ್ತೇ ಎಂಬ ಪ್ರಶ್ನೆ ಅಲ್ಲಿಯೂ ಉಳಿಯುತ್ತದೆ, ನಿಜ. ಆದರೂ ನೈತಿಕವಾಗಿ ಎರಡನೆಯದೇ ತೂಕದ ಉತ್ತರ.

ವಾಲ್ಮೀಕಿಯ ಸನ್ನಿವೇಶವನ್ನು ಮುಂದಿಟ್ಟು ಅನ್ಯಧರ್ಮವನ್ನು ಹಳಿಯುವ ಮುನ್ನ ನಾವು ನಮ್ಮ ಪವಿತ್ರ ಗ್ರಂಥವನ್ನೇ ತೆರೆಯಬೇಕು. ಮೋಶೆಯ ನಾಲ್ಕನೆಯ ಪುಸ್ತಕಕ್ಕೆ ಕನ್ನಡ ಸತ್ಯವೇದದಲ್ಲಿ ‘ಅರಣ್ಯಕಾಂಡ’ವೆಂಬ ಹೆಸರಿದೆ, ಸೀತಾಪಹರಣ ನಡೆಯುವ ಕಾಂಡದ ಹೆಸರೂ ಅದೇ. ಆ ಪುಸ್ತಕದ ಐದನೆಯ ಅಧ್ಯಾಯದಲ್ಲಿ, ಹೆಂಡತಿಯ ಮೇಲೆ ಸಂಶಯಗೊಂಡ ಗಂಡ, ಸಾಕ್ಷಿ ಇಲ್ಲದಿದ್ದರೂ, ಆಕೆಯನ್ನು ಯಾಜಕನ ಬಳಿಗೆ ಕರೆತರಬಹುದು. ಗುಡಾರದ ನೆಲದ ಧೂಳು ಬೆರೆಸಿದ, ಶಾಪದ ಅಕ್ಷರಗಳನ್ನು ತೊಳೆದ ಕಹಿನೀರನ್ನು ಆಕೆ ಕುಡಿಯಬೇಕು. ಪರೀಕ್ಷೆ ನಡೆಸುವವನು ಯಾಜಕ. ಸಂಶಯ ಸುಳ್ಳಾದರೂ ಗಂಡನಿಗೆ ದೋಷವಿಲ್ಲ.

ಗಮನಾರ್ಹವಾದ ಸಂಗತಿ ಮುಂದಿದೆ. ಎರಡನೆಯ ಶತಮಾನದ ‘ಯಾಕೋಬನ ಪೂರ್ವ ಶುಭಸಂದೇಶ’ ನಮ್ಮ ಅಧಿಕೃತ ಗ್ರಂಥಗಳಲ್ಲಿ ಸೇರಿಲ್ಲ; ಆದರೆ ಮರಿಯಮ್ಮನವರ ತಂದೆತಾಯಿಗಳಾದ ಜೋಕಿಂ ಮತ್ತು ಅನ್ನಾ ಎಂಬ ಹೆಸರುಗಳು ನಮಗೆ ದೊರೆತದ್ದು ಅದರಿಂದ. ಅದರಲ್ಲಿ ಮರಿಯಮ್ಮನವರು ಗರ್ಭವತಿಯೆಂದು ತಿಳಿದಾಗ ಮಹಾಯಾಜಕ ಪರೀಕ್ಷೆಯ ನೀರನ್ನು ಮೊದಲು ಜೋಸೆಫರಿಗೆ ಕುಡಿಸುತ್ತಾನೆ, ಆಮೇಲೆ ಮರಿಯಮ್ಮನವರಿಗೆ. ಇಬ್ಬರೂ ಅಪಾಯವಿಲ್ಲದೆ ಮರಳುತ್ತಾರೆ. ಧರ್ಮಶಾಸ್ತ್ರ ಸ್ತ್ರೀಗೆ ಮಾತ್ರ ವಿಧಿಸಿದ್ದನ್ನು ಈ ಕಥೆ ಇಬ್ಬರಿಗೂ ಹಂಚಿತು. ಒಂದನ್ನೊಂದು ಅರಿಯದ ಎರಡು ಪರಂಪರೆಗಳು, ಹದಿನೇಳು ಹದಿನೆಂಟು ಶತಮಾನಗಳ ಅಂತರದಲ್ಲಿ, ಒಂದೇ ಕಡೆ ನೋವನ್ನು ಕಂಡು ಒಂದೇ ಬಗೆಯ ತಿದ್ದುಪಡಿ ಮಾಡಿವೆ. ಇದರಿಂದ ಕುವೆಂಪು ಮರೆಯ ಕ್ರೈಸ್ತರಾಗುವುದಿಲ್ಲ. ಹಾಗೆ ಹೇಳುವುದು ಅವರಿಗೂ ಅಗೌರವ, ನಮಗೂ ಅಲ್ಪತನ. 1965ರ ‘ನಾಸ್ತ್ರಾ ಎತಾತೆ’ ಘೋಷಣೆ ಅನ್ಯಧರ್ಮಗಳಲ್ಲಿ ಸತ್ಯವೂ ಪವಿತ್ರವೂ ಆದದ್ದನ್ನು ಧರ್ಮಸಭೆ ತಿರಸ್ಕರಿಸುವುದಿಲ್ಲವೆಂದಾಗ, ಆ ಸತ್ಯ ನಮ್ಮನ್ನು ತಿದ್ದಬಲ್ಲದೆಂಬುದನ್ನೂ ನಾವು ಒಪ್ಪಬೇಕಾಗುತ್ತದೆ.

ಹಾಗೆ ತಿದ್ದಿಕೊಂಡ ಮೇಲೆ ನಮ್ಮ ಗ್ರಂಥದ ಇನ್ನೊಂದು ಪುಟ ಬೇರೆ ಬೆಳಕಿನಲ್ಲಿ ಕಾಣುತ್ತದೆ. ಪ್ರವಾದಿ ಹೋಶೇಯ 15 ಶೆಕೆಲ್ ಬೆಳ್ಳಿ ಮತ್ತು ಜವೆಗೋದಿ ತೆತ್ತು, ವ್ಯಭಿಚಾರದಲ್ಲಿದ್ದ ಸ್ತ್ರೀಯನ್ನು ಕೊಂಡು ತರುತ್ತಾನೆ. ಬಹುದಿನ ಬೇರೊಬ್ಬನನ್ನು ಕೂಡದೆ ಇರಬೇಕೆಂಬ ವ್ರತವನ್ನು ಆಕೆಗೆ ವಿಧಿಸಿ, ತಾನೂ ಆಕೆಯ ವಿಷಯದಲ್ಲಿ ಹಾಗೆಯೇ ಇರುವೆನೆನ್ನುತ್ತಾನೆ. ತಪ್ಪಿದವಳೊಡನೆಯೇ ದೇವರ ಪ್ರವಾದಿ ನಿಯಮವನ್ನು ಹಂಚಿಕೊಂಡಿರುವಾಗ, ತಪ್ಪದವಳನ್ನು ಒಬ್ಬಳನ್ನೇ ಪರೀಕ್ಷೆಗೆ ನಿಲ್ಲಿಸಲು ನಮಗೆ ಯಾವ ಆಧಾರವಿದೆ?

ರಕ್ಷಣೆ ಎಂಬುದು ಶತ್ರುವಿನ ಸೋಲಿನಲ್ಲಿ ಮುಗಿಯುವುದಿಲ್ಲ. ಬಿಡಿಸುವುದು ಒಂದು ಕಾರ್ಯ, ಬರಮಾಡಿಕೊಳ್ಳುವುದು ಇನ್ನೊಂದು. ಪಾಪವಿಲ್ಲದ ಯೇಸುಸ್ವಾಮಿ ಪಾಪಿಗಳ ಸಾಲಿನಲ್ಲಿ ನಿಂತು ಜೋರ್ದಾನಿನ ನೀರಿಗಿಳಿದರು. ನಮ್ಮನ್ನು ದಡದಿಂದ ಪರೀಕ್ಷಿಸಲಿಲ್ಲ. ನಮ್ಮ ಪ್ರಬೋಧನೆಯಲ್ಲಿ ರಾಮಾಯಣಕ್ಕೆ ಸ್ಥಾನವಿದ್ದರೆ ಅದು ಈ ಸತ್ಯವನ್ನು ಕಾಣಿಸುವ ಕಡೆ ಇರಲಿ.

ಇದು ಬರಿಯ ಕಾವ್ಯವಿಚಾರವಲ್ಲ. ದೂರದ ಊರಿನಲ್ಲಿ ಮೋಸಕ್ಕೊಳಗಾಗಿ, ಮಾರಾಟವಾಗಿ, ಹೇಗೋ ತಪ್ಪಿಸಿಕೊಂಡು ಬಂದ ಹೆಣ್ಣುಮಕ್ಕಳು ನಮ್ಮ ಧರ್ಮಕೇಂದ್ರಗಳಿಗೂ ಮರಳುತ್ತಾರೆ. ಮನೆಯವರು ಲೋಕಾಪವಾದಕ್ಕೆ ಅಂಜಿ ಹಿಂಜರಿಯುತ್ತಾರೆ. ಮದುವೆಯ ಮಾತು ಬಂದಾಗ ಪ್ರಶ್ನೆಗಳು ಗುರುಗಳ ಮನೆಯವರೆಗೂ ಬರುತ್ತವೆ. ಅಂದು ಕಹಿನೀರಿನ ಪಾತ್ರೆ ಹಿಡಿದವನು ಯಾಜಕನೇ ಎಂಬುದನ್ನು ಗುರುಮಠದ ವಿದ್ಯಾರ್ಥಿಗಳು ಮರೆಯದಿರಲಿ. ಮರಳಿದವಳು ಬಾಗಿಲಲ್ಲಿ ನಿಂತಾಗ ನಾವು ಮೊದಲು ಕೇಳುವ ಪ್ರಶ್ನೆ ಆಕೆಯ ಊಟ, ಆರೋಗ್ಯ, ನಿದ್ದೆಯನ್ನು ಕುರಿತದ್ದಾಗಿರಲಿ. ಲೋಕಕ್ಕೆ ಉತ್ತರ ಕೊಡಬೇಕಾಗಿ ಬಂದರೆ, ಆಕೆಯ ಪಕ್ಕದಲ್ಲಿ ನಿಂತು ನಾವೇ ಕೊಡೋಣ.